ಐವತ್ತರ ಕೈ

ಒತ್ತಿದ್ದೆ, ಸಾಯ್ಮಿ, ಸರಿಯಾಗಿಯೇ ಒತ್ತಿದ್ದೆ.
ಹೊಂಡದ ಅಂಚಿಗೆ ಅವನ ಬೂಟು ತಾಗುವ ಮೊದಲೇ
ಹೆಬ್ಬೆರಳು ಇಳಿದಿತ್ತು.
ಆದರೂ ಬಿದ್ದ,
ಅದೇ ಪೆದ್ದು ಮುಖ, ಅದೇ ಮೂರು ಸ್ವರದ ಸಾವು.

ಮಗಳು ಜ್ಯೂಸಿನ ಲೋಟ ಕಚ್ಚಿಕೊಂಡೇ ನಕ್ಕಳು,
ಕುಣಿಯಲಾರದವರಿಗೆ ನೆಲ ಡೊಂಕು ಎಂಬಂಥ ನಗೆ.

ಇಲ್ಲ ಮಗೂ, ಈ ನೆಲ ನಿಜಕ್ಕೂ ಡೊಂಕು.
ಗೋಡೆಯಗಲದ ಈ ಹೊಸ ಟಿವಿ
ದೇವತೆಗಳ ಹಾಗೆ ರೆಪ್ಪೆ ಬಡಿಯುವುದಿಲ್ಲ;
ದೇವತೆಗಳ ಹಾಗೆಯೇ, ಕರೆದರೆ
ಎಲ್ಲ ಮುಗಿದ ಮೇಲೆ ಓಗೊಡುತ್ತದೆ.
ಹಳೆಯ ಚಿತ್ರ ಕೈಗೆ ಸಿಕ್ಕರೆ ಸಾಕು,
ಒರೆಸುತ್ತದೆ, ಹಿಗ್ಗಿಸುತ್ತದೆ, ಗಲ್ಲಕ್ಕೆ ಪೌಡರು ಹಚ್ಚುತ್ತದೆ,
ಇಲ್ಲದ ಹೆಜ್ಜೆಗಳನ್ನು ನಡುವೆ ಹೆಣೆದು
ನುಣುಪು ಮಾಡಿ, ಆಮೇಲೆ ತೋರಿಸುತ್ತದೆ.
ಅಷ್ಟರಲ್ಲಿ ಅವನು ಹೊಂಡದಲ್ಲಿ.

ತಡವೆಂದರೇನೆಂದು ನನಗೆ ಹೇಳಬೇಡಿ.
ಕೋಟ್ಕಾ ಬಂದರಿನ ಕ್ರೇನಿನಲ್ಲಿ ಹತ್ತೊಂಬತ್ತು ವರ್ಷ:
ಸನ್ನೆಕೋಲು ಈಗ, ತೂಗಾಟ ಆಮೇಲೆ.
ಕಾಗದದ ಸುರುಳಿ ತುಂಬಿದ ಕಂಟೇನರು
ಗಾಳಿಯಲ್ಲಿ ಒಂದು ಯೋಚನೆ ಮುಗಿಸಿಕೊಂಡು ಬರುವವರೆಗೆ
ಕೈ ಕಾಯುತ್ತದೆ. ಅದು ಬೇರೆ. ಅದಕ್ಕೆ ತೂಕವಿದೆ.
ಇವನಿಗಿರುವುದು ಹದಿನಾರು ಚುಕ್ಕಿಯಗಲದ ಮೈ,
ಇವನೇಕೆ ತಡಮಾಡಬೇಕು?

ಕಸದ ಕೇಂದ್ರದಲ್ಲಿ, ಮಾರ್ಚಿನ ಕೆಸರು ಹಿಮದಲ್ಲಿ,
ಒಂದು ಟ್ಯೂಬ್ ಟಿವಿ ಮುಖ ಕೆಳಗಾಗಿ ಮಲಗಿತ್ತು.
ಔಲಿಸ್ ಮತ್ತು ನಾನು ಮೂರು ಮಹಡಿ ಹೊತ್ತೆವು,
ಪ್ರತಿ ತಿರುವಿನಲ್ಲೂ ಇಳಿಸಿ,
ಪ್ರತಿ ತಿರುವಿನಲ್ಲೂ ಅವನಿಗೆ ಗೊತ್ತಿರುವ ಬೈಗುಳವೆಲ್ಲ ಮುಗಿಸಿ.
ಚಾಲೂ ಮಾಡಿದರೆ ಠಣ್ಣೆಂದು ಎದ್ದಿತು;
ಗಾಜಿನ ಬಳಿ ಕೈಯಾಡಿಸಿದರೆ ರೋಮ ನಿಂತವು.
ಸಣ್ಣಗೆ ಸಿಳ್ಳೆ ಹಾಕುತ್ತಿದೆ ಅಂದಳು ಮಗಳು.
ನನಗೆ ಕೇಳಲಿಲ್ಲ.
ಕೇಳುತ್ತಿತ್ತು ಒಂದು ಕಾಲಕ್ಕೆ, ಪಕ್ಕದ ಕೋಣೆಯಿಂದಲೂ.

ಒತ್ತಿದೆ. ಬಿದ್ದ.
ಒತ್ತಿದೆ. ಬಿದ್ದ.

ಸಾಯ್ಮಿ ಫೋನು ತಂದಳು.
ಸೆಕೆಂಡಿಗೆ ಇನ್ನೂರ ನಲವತ್ತು ಚಿತ್ರ ತೆಗೆಯುವ ಅದರ ಕಣ್ಣಿಗೆ
ನನ್ನ ಹೆಬ್ಬೆರಳನ್ನೂ ಪರದೆಯನ್ನೂ ಒಟ್ಟಿಗೆ ಒಡ್ಡಿದಳು.
ಕರೆಂಟು ಬಿಲ್ಲಿನ ಬೆನ್ನ ಮೇಲೆ ಗೀಟು ಹಾಕುತ್ತ,
ಹೇನು ಹೆಕ್ಕುವವಳ ಶ್ರದ್ಧೆಯಿಂದ ಎಣಿಸಿದಳು:
ಹೊಸ ಟಿವಿ, ಇಪ್ಪತ್ತೆಂಟು.
ಡಬ್ಬ ಟಿವಿ, ಎಂಟು.
ಆಮೇಲೆ ಸ್ವಲ್ಪ ಸುಮ್ಮನಿದ್ದು,
"ಅಪ್ಪ, ಇಲ್ಲಿ ನೋಡು. ಕಾಲು ಅಂಚು ದಾಟಿ
ಆರು ಚಿತ್ರ ಆದ ಮೇಲೆ ನಿನ್ನ ಬೆರಳು ಹೊರಟಿದೆ."

ಆ ಆರನ್ನು ಎಲ್ಲಿ ಬಚ್ಚಿಡಲಿ?
ವಯಸ್ಸು ಎನ್ನಲೇ, ಚಳಿ ಎನ್ನಲೇ ಅಂದುಕೊಳ್ಳುವಾಗ
ಔಲಿಸ್, ಯಂತ್ರದ ಬೆನ್ನಿಗೆ ತಾನೇ ಬೆಸೆದಿದ್ದ
ಪುಟ್ಟ ಸ್ವಿಚ್ಚನ್ನು ಉಗುರಿನಿಂದ ತಟ್ಟಿದ:
"ಇದು ಅರವತ್ತರಲ್ಲಿದೆ. ನೀನು ಕಲಿತದ್ದು ಐವತ್ತರಲ್ಲಿ."

ಹೌದಲ್ಲ.
ನಮ್ಮ ಕಡೆ ಬಂದ ಪೆಟ್ಟಿಗೆಗಳು ಸೆಕೆಂಡಿಗೆ ಐವತ್ತೇ ಸಲ
ರೆಪ್ಪೆ ಬಡಿಯುತ್ತಿದ್ದವು.
ಟೋಕಿಯೊದಲ್ಲೊಬ್ಬ ಹುಡುಗ ಓಡಿ ಮುಗಿಸಿದ ದಾರಿಯಲ್ಲಿ
ನಮ್ಮವನು, ಮೇಲೊಂದು ಕೆಳಗೊಂದು ಕಪ್ಪು ಪಟ್ಟಿಯ ನಡುವೆ,
ಮೊಣಕಾಲು ನೀರಿನಲ್ಲಿ ನಡೆದ ಹಾಗೆ.
ಹಾಡೂ ಅಷ್ಟೇ ಜಗ್ಗಿ.
ಯಾರೂ ಹೇಳಿರಲಿಲ್ಲ. ಅದನ್ನೇ ವೇಗ ಅಂದುಕೊಂಡಿದ್ದೆವು.
ತಂಗಿ ಹೆಲ್ವಿ ದಿಂಬು ಅಪ್ಪಿ ಕಿರುಚುತ್ತಿದ್ದಳು:
ಎಷ್ಟು ಜೋರು, ಎಷ್ಟು ಜೋರು!

ಸ್ವಿಚ್ಚು ಇಳಿಯಿತು. ಹಾಡು ಜೋತುಬಿತ್ತು.
ಒತ್ತಿದೆ.
ದಾಟಿದ.
ಮುಂದಿನದನ್ನೂ, ತೂಗುವ ಹಲಗೆಯಿಂದ ಅದರ ಮುಂದಿನದನ್ನೂ,
ನನ್ನನ್ನು ಕೇಳದೆಯೇ ಕೈ.

"ನನಗೆ ಕೊಡು" ಅಂದಳು.
ಚಳಿಗಾಲವೆಲ್ಲ ಅರವತ್ತರಲ್ಲಿ ಆಡಿದ ಬೆರಳು,
ಹೊಸ ಟಿವಿಯ ತಡವನ್ನೂ ಸೇರಿಸಿಕೊಂಡು
ಮೊದಲೇ ಒತ್ತಲು ಕಲಿತ ಬೆರಳು.
ಅಂಚು ಬರುವ ಮುಂಚೆಯೇ ಹಾರಿ
ಆಚೆ ದಡಕ್ಕೆ ಒಂದು ಗೇಣು ಕಡಿಮೆ ಬಿದ್ದಳು.
"ಒತ್ತಿದ್ದೆ! ಸರಿಯಾಗಿಯೇ ಒತ್ತಿದ್ದೆ!"

ಔಲಿಸ್ ನಗಲಿಲ್ಲ, ಕಾಫಿ ಬಗ್ಗಿಸಿಕೊಂಡ.
ಬೆಳಿಗ್ಗೆ ಆರಕ್ಕೆ ಹಡಗು ಬರುವುದಿತ್ತು.
ಇನ್ನೊಂದು ಸಲ, ಇನ್ನೊಂದೇ ಸಲ ಅನ್ನುತ್ತ
ಸ್ವಿಚ್ಚನ್ನು ಯಾವ ಕಡೆ ಬಿಟ್ಟು ಮಲಗಿದೆವೋ
ನೆನಪಿಲ್ಲ.