ಕಳೆದ ಸಾಮಾನಿನ ಕಚೇರಿ

ಹಲ್ ಊರಿನ ರೈಲು ನಿಲ್ದಾಣದಲ್ಲಿ,
ಚಹಾದಂಗಡಿಗೂ ಮೂತ್ರಿಖಾನೆಗೂ ನಡುವೆ
ನಿಮ್ಮ ಕಿಟಕಿ ಇತ್ತು, ಪಿಕರ್ಸ್‌ಗಿಲ್.
ನನಗೆ ಹದಿನೇಳು. ಚೀಟಿ ಕಟ್ಟುವ ಕೆಲಸ:
ಕೊಡೆಗೆ ಚೀಟಿ, ಊರುಗೋಲಿಗೆ ಚೀಟಿ,
ಗಾಜಿನ ಲೋಟದೊಳಗೆ ನಗುತ್ತಿದ್ದ ಕಟ್ಟುಹಲ್ಲಿಗೆ ಚೀಟಿ.
ದಿನಾಂಕ, ಗಾಡಿ, ಡಬ್ಬಿ ಬರೆಯಬೇಕೆಂದು ನಿಯಮ.
ಚೀಟಿಯ ಬೆನ್ನ ಮೇಲೆ ನೀವು ಬರೆಯುತ್ತಿದ್ದುದೇ ಬೇರೆ:

    ಕೊಡೆಯೊಂದು ಕಡಲಿಗೆ ಕಡ ಕೇಳಲು ಹೋಯ್ತು,
    ಕಡಲದಕೆ ಕಡಲೆಯ ಹಿಡಿತುಂಬ ಕೊಟ್ತು;
    ಕಡಿಯೋಣವೆಂದರೆ ಕೊಡೆಗೆ ಹಲ್ಲೇ ಇಲ್ಲ,
    ಹಲ್ಲು ಕೇಳಲು ಹೋಗಿ ಹಲ್ಲಿಯಾಯಿತಲ್ಲ!

ಕೊಡೆಯ ಒಡೆಯ, ಯಾರ್ಕಿನ ವಕೀಲ, ಓದಿದ.
ಕನ್ನಡಕ ಒರೆಸಿಕೊಂಡು ಮತ್ತೆ ಓದಿದ.
“ಇದರ ಅರ್ಥ?” ಎಂದ.
ನೀವು ದಪ್ಪ ಲೆಡ್ಜರು ಇಳಿಸಿ,
ಬೆರಳು ನೆಕ್ಕಿ ಪುಟ ತಿರುವಿ,
“ಅರ್ಥ... ಅರ್ಥ... ಹಾಂ, ಒಂದಿದೆ. ಮಾರ್ಚಿಯಿಂದ ಬಿದ್ದಿದೆ.
ಕಂದು ಬಣ್ಣ, ಹಿಡಿ ಮುರಿದಿದೆ. ನಿಮ್ಮದೇನು?”

ತನ್ನದಲ್ಲ ಎಂದು ಆತ ಹೊರಟ.
ಬಾಗಿಲಾಚೆ, ಮಳೆಯ ಹನಿಯಿಲ್ಲದಿದ್ದರೂ,
ಕೊಡೆ ಬಿಚ್ಚಿ ಒಳಗೆ ಇಣುಕಿದ.
ಹಲ್ಲು ಹುಡುಕುತ್ತಿದ್ದ, ಆಣೆ ಇಟ್ಟು ಹೇಳುತ್ತೇನೆ.

ಊರೆಲ್ಲ ಮೀನಿನ ವಾಸನೆ, ಹಂಬರ್ ನದಿಯ ಕೆಸರು ಮಂಜು.
ಇಂಥಲ್ಲಿ ಮಾತಿಗೂ ತೂಕದ ಕಲ್ಲು ಕಟ್ಟಿರುತ್ತಾರೆ:
ಎಷ್ಟು ಪೆಟ್ಟಿಗೆ, ಎಷ್ಟು ಶಿಲಿಂಗು, ಯಾವ ದೋಣಿ ಮರಳಿಲ್ಲ.
ನೀವು ಆ ಕಲ್ಲು ಬಿಚ್ಚಿದಿರಿ, ಅಷ್ಟೆ.
ಮಾತು ಮೇಲೆ ಹೋಯಿತು.

ಡೋರೀನ್ ಸ್ಟೇದರ್ಸ್ ಗುರುವಾರ ಗುರುವಾರ ಬರುತ್ತಿದ್ದಳು,
ಗಂಡನ ಎಡಗೈ ಗವಸು ಕೇಳಿಕೊಂಡು:
ನೀಲಿ ಉಣ್ಣೆ, ಹೆಬ್ಬೆರಳಿಗೆ ತೇಪೆ.
ಗಂಡ ಐಸ್‌ಲ್ಯಾಂಡಿನ ಆಚೆ, ನೀರಿನ ತಳದಲ್ಲಿ.
ಗವಸು ಮಾತ್ರ ಗಾಡಿಯಲ್ಲೇ ಉಳಿಯಿತೆಂದು
ಅವಳಿಗೆ ಹೇಗೆ ಗೊತ್ತೋ. ನಾವು ಕೇಳಲಿಲ್ಲ.
ಇಲ್ಲವೆಂದು ತಿಳಿದೂ ನೀವು ಪ್ರತಿಸಲ ಏಣಿ ಹತ್ತಿ
ಇಡೀ ಕಪಾಟು ಜಾಲಾಡುತ್ತಿದ್ದಿರಿ.
ಒಂದು ಗುರುವಾರ ಬರಿಗೈಲಿ ಇಳಿದು, ಚೀಟಿ ಕೊಟ್ಟಿರಿ:

    ಎಡಗೈ ಗವಸಿಗೆ ಬಲಗೈ ಮೇಲೆ ಮುನಿಸು,
    ಕಡಲಿಗೆ ಹೋಗಿ ಬಿತ್ತಿತು ಒಂದು ಗೆಣಸು;
    ಗೆಡ್ಡೆಗೆ ಐದು ಬೆರಳು, ಬೆರಳಿಗೆ ಐದು ಮೀನು,
    ಬುಡುಬುಡು ಬುಗ್ಗಣ! ಉಗುರು ತೆಗೆಯೋರಾರಿನ್ನು?

ಫಕ್ಕನೆ ನಕ್ಕುಬಿಟ್ಟಳು.
ತಕ್ಷಣ ಬಾಯಿಗೆ ಕೈ, ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ.
“ನಾಚಿಕೆಯಾಗಬೇಕು” ಎಂದಳು. ನಿಮಗೋ, ತನಗೋ.
ಬಾಗಿಲು ದಢಾರನೆ ಬಡಿಯಿತು.
ನಿಮ್ಮ ಚಹಾ ಸಂಜೆಯವರೆಗೂ ಹಾಗೇ ಕೆನೆಗಟ್ಟಿತ್ತು.

ಮುಂದಿನ ಗುರುವಾರ ಬಂದಳು.
ಗವಸಿನ ಮಾತೆತ್ತಲಿಲ್ಲ.
ಕಿಟಕಿಗೆ ಮೊಣಕೈ ಊರಿ, ದನಿ ತಗ್ಗಿಸಿ,
“ಆ ಬುಗ್ಗಣ,” ಎಂದಳು, “ಅವನಿಗೆ ಹೆಂಡತಿ ಇದ್ದಾಳಾ?”

ಬುಗ್ಗಣ ಎಂದರೇನೆಂದು ನನಗೆ ಇವತ್ತಿಗೂ ತಿಳಿಯದು.
ಹೆರಿಗೆ ನೋವಿನಲ್ಲಿ ಅದನ್ನೇ ಕೂಗಿದೆ;
ಗಂಡನ ಹೆಸರೆಂದು ನರ್ಸು ಬರೆದುಕೊಂಡಳು.
ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ,
ನಿಮ್ಮ ಶವಪೆಟ್ಟಿಗೆ ಇಳಿಸುವಾಗ, ತುಟಿಯೊಳಗೇ
ಬುಡುಬುಡು, ಬುಡುಬುಡು.
ನಾಲಗೆಗೂ ಒಮ್ಮೊಮ್ಮೆ ಬರಿಗಾಲಲ್ಲಿ ಓಡಬೇಕು ಅನ್ನಿಸುತ್ತದೆ.

ಕಚೇರಿ ಮುಚ್ಚಿತು. ಈಗ ಅಲ್ಲಿ ಹೂ ಮಾರುತ್ತಾರೆ.
ಲೆಡ್ಜರು ನಾನು ಕದ್ದೆ, ಒಪ್ಪಿಕೊಳ್ಳುತ್ತೇನೆ.
ನಿನ್ನೆ ಪುಟ ತಿರುವುವಾಗ, ನಿಮ್ಮ ಗುಂಡು ಅಕ್ಷರದಲ್ಲಿ:
ಸಾಮಾನು: ಬುಗ್ಗಣ, ಒಂದು. ಸ್ಥಿತಿ: ಚೆನ್ನಾಗಿದೆ.
ಒಯ್ದವರು: ಡೋ. ಸ್ಟೇದರ್ಸ್.
ಪಕ್ಕದಲ್ಲಿ ಅವಳದೇ ಸಹಿ, ಕೊಂಚ ಅಲುಗಿದೆ.
ನಗುತ್ತ ಹಾಕಿದ್ದಿರಬೇಕು.
ಇಲ್ಲವೇ, ಆ ಕಚೇರಿಯ ಪೆನ್ನು ಯಾವತ್ತೂ ಸರಿಯಿರಲಿಲ್ಲ.