ಮೇಲಕ್ಕೆ ಬಿದ್ದದ್ದು

ಮೈನಸ್ ಮೂವತ್ತೆಂಟು. ಲೆನಾ ನದಿಯ ದಂಡೆಯ ನಾಮ್ತ್ಸಿ.
ಕ್ಯುನ್ನೇಯ್ ಒಗೆದ ಬಟ್ಟೆ ಹೊರಗೆ ತಂತಿಗೆ ಹರವುತ್ತಾಳೆ;
ಕೈ ತೆಗೆಯುವಷ್ಟರಲ್ಲಿ
ಅಂಗಿ ಹಲಗೆ, ಕಾಲುಚೀಲ ಕಟ್ಟಿಗೆ.
ತೋಳು ಚಾಚಿ ನಿಂತುಬಿಡುತ್ತದೆ ತಮ್ಮನ ಸ್ವೆಟರು,
ಯಾರನ್ನೋ ತಡೆಯುವ ಹಾಗೆ.

ತಮ್ಮ ಇಲ್ಲ. ಒಗೆಯುತ್ತಾಳೆ, ಅಷ್ಟೆ.

ನಾಲ್ಕು ದಿನ ಬಿಟ್ಟು ಮುಟ್ಟಿದರೆ ಬಟ್ಟೆ ಮೆತ್ತಗೆ, ಹಗುರ.
ಒಂದು ಹನಿ ತೊಟ್ಟಿಕ್ಕಿಲ್ಲ. ತಂತಿಯ ಕೆಳಗಿನ ಹಿಮದಲ್ಲಿ
ಒಂದು ತೂತೂ ಇಲ್ಲ.
ಎಂಟನೆಯ ತರಗತಿಗೆ ಅವಳೇ ಕಲಿಸುವ ಪಾಠ ಇದು:
ಗಟ್ಟಿಯಾದದ್ದು ನೀರಾಗದೆ ನೇರ ಗಾಳಿಯಾಗುವುದು.

ಉತ್ಪತನ ಎಂದು ಬರೆಯುತ್ತಿದ್ದೇನೆ ನಾನು.
ಅವಳ ಸಖಾ ಭಾಷೆಯಲ್ಲಿ ಏನನ್ನುತ್ತಾರೋ.
ನನ್ನ ಪದದ ಹೊಟ್ಟೆಯೊಳಗೆ ಪತನ ಇದೆ.
ಬೀಳುವುದೇ, ಆದರೆ ಮೇಲಕ್ಕೆ.
ಮನಶ್ಶಾಸ್ತ್ರದವರು ಉದಾತ್ತೀಕರಣ ಎನ್ನುತ್ತಾರೆ;
ಆ ಪದಕ್ಕೆ ಇಸ್ತ್ರಿ ಜಾಸ್ತಿ. ಬೇಡ.

ಮರ ಹೇರಿದ ಲಾರಿ, ಕುಡಿದ ಚಾಲಕ, ಹೆಪ್ಪುಗಟ್ಟಿದ ನದಿಯ ಮೇಲಿನ ರಸ್ತೆ.
ಚಾಲಕನ ಮನೆ ಮೂರು ಮನೆ ಆಚೆ.
ಬೆಳಗಾದರೆ ಅಲ್ಲಿಯೂ ಹೊಗೆ ಏಳುತ್ತದೆ.
ಅವಳು ಅಳಲಿಲ್ಲ. ಅಳುವಳೆಂದು ಊರು ಕಾದಿತ್ತು,
ಚಹಾ ಕಾಯಿಸಿಟ್ಟುಕೊಂಡು ಕಾದಿತ್ತು.
ಒಂದು ರಾತ್ರಿ ತಮ್ಮನ ಚಾಕು ಹಿಡಿದು ಆ ಬಾಗಿಲ ಮುಂದೆ ನಿಂತಳು.
ಎಷ್ಟು ಹೊತ್ತೋ. ರೆಪ್ಪೆ ರೆಪ್ಪೆಗೆ ಅಂಟಿತ್ತು.
ಒಳಗೆ ಯಾರೋ ಕೆಮ್ಮಿದರು, ಎಳೆಯ ಕೆಮ್ಮು.
ತಿರುಗಿ ಬಂದಳು.
ಯಾಕೆಂದು ಕೇಳಿದರೆ ಚಳಿ ಅನ್ನುತ್ತಾಳೆ.

ಚಿಕ್ಕಪ್ಪ ಮಿಚಿಲನ ಕುಲುಮೆಯಲ್ಲಿ ಆ ಚಾಕು ಕೆಂಪಾಯಿತು.
ಖೊಮುಸ್ ಮಾಡುತ್ತೇನೆ ಅಂದಳು; ನಮ್ಮ ಮೋರ್ಸಿಂಗಿನ ಅಕ್ಕ ಅದು,
ಹಲ್ಲಿಗೊತ್ತಿ ನಾಲಗೆ ಮೀಟುವ ಕಬ್ಬಿಣ.
ಮೊದಲ ಸಲ ನಾಲಗೆ ಬಿರಿಯಿತು. ಎರಡನೆಯ ಸಲ ಮೂಕ.
ಮೂರನೆಯ ಸಲ ತುಟಿ ಕೊಯ್ದಿತು; ಉಗಿದು ಮತ್ತೆ ಬಡಿದಳು.
ಚಾಕು ಸಣ್ಣದಾಗುತ್ತ ಬಂತು.
ಮಾರ್ಚಿಗೆ ನುಡಿಯಿತು:
ಕುದುರೆಯ ಕೆನೆತ ಅಲ್ಲ, ಕೋಗಿಲೆ ಅಲ್ಲ,
ಮಂಜುಗಡ್ಡೆಯ ಮೇಲೆ ಲಾರಿಯೊಂದು ಗೇರು ಬದಲಿಸುವ ಸದ್ದು.
ಮಿಚಿಲ ಟೋಪಿ ತೆಗೆದು, ಮತ್ತೆ ಹಾಕಿಕೊಂಡ.

ಇವತ್ತು ತರಗತಿಯಲ್ಲಿ ಅಯೋಡಿನ್ ಕಾಯಿಸುತ್ತಾಳೆ.
ನೇರಳೆ ಹೊಗೆಗೆ ಹಿಂದಿನ ಬೆಂಚೂ ಎದ್ದು ನಿಂತಿದೆ.
ಚಾಲಕನ ಮಗಳು ತುಯಾರಾ, ಕೆಮ್ಮುವ ಹುಡುಗಿ, ಕೇಳುತ್ತಾಳೆ:
‘ಮೇಲೆ ಹೋದದ್ದು ಅಲ್ಲೇ ಇರುತ್ತದಾ, ಕ್ಯುನ್ನೇಯ್ ಪ್ಯೋತ್ರೊವ್ನಾ?’
ಗಾಜಿನ ಮುಚ್ಚಳ ತಿರುವಿ ತೋರಿಸುತ್ತಾಳೆ.
ತಣ್ಣಗಿನ ಬದಿಗೆ ಅಂಟಿವೆ ಹೊಳೆವ ಕರಿ ಹರಳು.
ಅವೇ, ಮತ್ತೆ.
ತಳದಲ್ಲಿ ಒಂದಿಷ್ಟು ಮಸಿ, ಏಳಲೊಲ್ಲದ್ದು.

‘ಇದು?’
‘ಅದನ್ನು ತೊಳೆಯಬೇಕು. ಪ್ರತಿ ಸಲ.’
ಹುಡುಗಿ ತಟ್ಟೆ ಎತ್ತಿಕೊಂಡು ನಲ್ಲಿಯ ಕಡೆ ನಡೆಯುತ್ತಾಳೆ.
ಬಿಸಿನೀರು ಬರಲು ಹೊತ್ತು ಹಿಡಿಯುತ್ತದೆ.