ನಿಲ್

ನಾರ್ಫೋಕ್‌ನ ಜೌಗಿನಂಚಿಗೆ ಒಂದು ಚಕಮಕಿ ಕಲ್ಲಿನ ಚರ್ಚು.
ಆಗೆಲ್ಲ ಮದುವೆ ನಡೆಯುತ್ತಿದ್ದದ್ದು ಒಳಗಲ್ಲ,
ಈ ಹೊಸ್ತಿಲಾಚೆ, ಊರ ಕಣ್ಣೆದುರು,
ಉಪ್ಪುಗಾಳಿಗೆ ಮುಸುಕು ಹಾರುವಲ್ಲಿ.

ಗಿರಣಿಯ ಹೇಮೋ ಹೊಸ ಬೂಟು ಮೆಟ್ಟಿ ನಿಂತಿದ್ದ.
ಎಮ್ಮಟ್‌ಳ ಅಪ್ಪ ಎರಡು ಹಸು, ಹನ್ನೊಂದು ಕುರಿ
ಆಗಲೇ ಎಣಿಸಿ ಕೊಟ್ಟಾಗಿತ್ತು.
ಪಾದ್ರಿ ಕೇಳಿದ: ಇವನಿಗೆ ಒಲಿಯುವೆಯಾ?
ಕೇಳುವುದು ಪದ್ಧತಿ.
ಕೇಳಿಸಿಕೊಳ್ಳುವುದು ಪದ್ಧತಿಯಲ್ಲಿರಲಿಲ್ಲ.
ಅವಳೆಂದಳು:
ನಿಲ್.

'ವಿಲ್' ಎಂದರೆ ಇಚ್ಛೆ.
ಅದರ ಮುಂದೆ 'ನೆ' ಎಂಬೊಂದು ಕುಳ್ಳ ಮಾತು,
ಬಾಗಿಲಿಗೆ ಅಡ್ಡ ಕೂತ ಬೆಕ್ಕಿನಂತೆ.
ಅವಸರದ ನಾಲಗೆಗಳು ಎರಡನ್ನೂ ತುಳಿದು ತುಳಿದು
ಒಂದು ಮಾಡಿದವು.
ವಕಾರ ಸತ್ತಿತು. ಉಳಿದದ್ದು ನಕಾರ.

ನನ್ನ ಕಿವಿಗೆ ಅದು ಹಳಗನ್ನಡದ ನಿಲ್:
ಅಲ್ಲೇ ನಿಲ್ಲು, ಒಂದು ಹೆಜ್ಜೆ ಮುಂದಿಡಬೇಡ.
ನೆಂಟಸ್ತಿಕೆಯಿಲ್ಲ, ಗೊತ್ತು. ಬರೀ ಮುಖದ ಹೋಲಿಕೆ.
ಮನಸ್ಸಿನ ಹೋಲಿಕೆ ಬೇರೊಬ್ಬಳದು: ಒಲ್ಲೆ.
ಅದರಲ್ಲಿ 'ಇಲ್ಲ' ಎಲ್ಲಿದೆ, ಹುಡುಕಿ ನೋಡಿ.
ಒಲ್ಲು ಇದೆ, 'ಎ' ಎಂಬ ನಾನು ಇದ್ದೇನೆ,
ನಡುವೆ ಏನೂ ಇಲ್ಲ.
ಆ ಏನೂ ಇಲ್ಲದ್ದೇ
ಇಲ್ಲ.

ಒಲ್ಲದವಳಿಗೆ ಮೊಸರಲ್ಲೂ ಕಲ್ಲು ಎಂಬಂಥದ್ದೇನೋ
ಗೊಣಗಿದಳು ಹೇಮೋನ ಅಕ್ಕ.
ಎಮ್ಮಟ್ ಕಲ್ಲು ಹುಡುಕಲಿಲ್ಲ.
ಮೊಸರೇ ಬೇಡವೆಂದಿದ್ದಳು.

ಗುಮಾಸ್ತ ಲ್ಯಾಟಿನ್‌ನಲ್ಲಿ ಬರೆದುಕೊಂಡ, ಹೊಡೆದು ಹಾಕಿದ,
ಅಂಚಿನಲ್ಲಿ ಅವಳ ಮಾತನ್ನೇ ಇಟ್ಟ. ಮಸಿ ಸ್ವಲ್ಪ ಹಬ್ಬಿದೆ.
ಮರುವರ್ಷದ ಹಾಳೆಯಲ್ಲಿ ಮತ್ತೊಮ್ಮೆ ಅವಳು:
ಅಳತೆ ತಪ್ಪಿಸಿ ಬಿಯರು ಮಾರಿದ್ದಕ್ಕೆ ಎರಡು ಪೆನ್ನಿ ದಂಡ.
ಗಂಡನ ಹೆಸರಿನ ಜಾಗ ಖಾಲಿ.

ಮಾತಿಗೆ ಮಾತ್ರ ಅವಳಷ್ಟು ಗಟ್ಟಿ ಹಣೆಬರಹವಿರಲಿಲ್ಲ.
ಒಂಟಿಯಾಗಿ ಬಾಳಲಾರದೆ ಸೊರಗಿತು.
ಕಡೆಗೆ ಜನ ಅದಕ್ಕೊಂದು ಗಂಟು ಹಾಕಿದರು:
ವಿಲ್ಲಿ-ನಿಲ್ಲಿ.
ಗಂಡ ಮುಂದೆ, ಇವಳು ಹಿಂದೆ.
ಮೊದಲು ಅದರರ್ಥ 'ಒಲಿದರೂ ಸರಿ, ಒಲ್ಲದಿದ್ದರೂ ಸರಿ'.
ಈಗ ಅದೂ ಸವೆದು 'ಎಲ್ಲೆಂದರಲ್ಲಿ'.

ಗುರುವಾರ ಚರ್ಚು ಗುಡಿಸಲು ಬರುವ ಡೋರೀನ್ ಲಾರ್ಟರ್
ಬೆಂಚಿನ ಮೇಲೆ ಚೆಲ್ಲಾಡಿದ ಪ್ರಾರ್ಥನೆ ಪುಸ್ತಕ ಕಂಡು
ಅದನ್ನೇ ಅನ್ನುತ್ತಾಳೆ: ನೋಡಿ, ವಿಲ್ಲಿ-ನಿಲ್ಲಿ ಬಿಸಾಕಿ ಹೋಗಿದ್ದಾರೆ.
ಬಾಯಲ್ಲಿ ಯಾರನ್ನಿಟ್ಟುಕೊಂಡಿದ್ದಾಳೆ
ಎಂದು ಅವಳಿಗೆ ತಿಳಿಯದು.

ಹೊರಗೆ ಗಾಳಿ ಎದ್ದಿದೆ.
ಬಾಗಿಲು ತಾನಾಗಿ ಮುಚ್ಚಿಕೊಳ್ಳಲು ಬರುತ್ತದೆ.
ಎರಡು ಕೈಯಲ್ಲೂ ಪುಸ್ತಕ. ಡೋರೀನ್
ಕಾಲು ಅಡ್ಡ ಇಡುತ್ತಾಳೆ.